ಊದಿದ ಉಸಿರಿನ ಲೆಕ್ಕ

ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ಕೊಳವೆ ಕೊಟ್ಟು, ಎದೆ ತುಂಬ ಉಸಿರೆಳೆದುಕೊಂಡು ಒಂದೇ ಬಿರುಸಿಗೆ ಊದಿ ಎನ್ನುತ್ತಾರೆ. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಿತ್ತು ಎಂಬುದನ್ನು ಯಂತ್ರ ಬರೆದುಕೊಳ್ಳುತ್ತದೆ. ಉಬ್ಬಸಕ್ಕೆಂದು ಎದೆರೋಗದ ವೈದ್ಯರ ಹತ್ತಿರ ಹೋದವರಿಗೆಲ್ಲ ಈ ಸ್ಪೈರೊಮೆಟ್ರಿ ಪರೀಕ್ಷೆ ಗೊತ್ತು. ನ್ಯೂಯಾರ್ಕ್ ನಗರದ ಅಗ್ನಿಶಾಮಕ ದಳ 1990ರ ದಶಕದ ಕೊನೆಯಿಂದಲೇ ತನ್ನ ಸಿಬ್ಬಂದಿಯನ್ನು ನಿಯಮಿತವಾಗಿ ಹೀಗೆ ಊದಿಸುತ್ತಿತ್ತು. ಆಗ ಅದು ಸೇವಾ ಕಡತಕ್ಕೆ ಸೇರುವ ಇನ್ನೊಂದು ಹಾಳೆ, ಅಷ್ಟೆ.

2001ರ ಸೆಪ್ಟೆಂಬರ್ 11ರಂದು ವರ್ಲ್ಡ್ ಟ್ರೇಡ್ ಸೆಂಟರಿನ ಎರಡು ಗೋಪುರಗಳು ಕುಸಿದವು. ನ್ಯೂಯಾರ್ಕಿನಲ್ಲಿ ಸತ್ತ 2,753 ಜನರಲ್ಲಿ 343 ಮಂದಿ ಅಗ್ನಿಶಾಮಕ ದಳದವರೇ. ಬದುಕಿ ಉಳಿದವರು ಮುಂದಿನ ಒಂದು ವರ್ಷದಲ್ಲಿ ಮತ್ತೆ ಕೊಳವೆ ಊದಿದಾಗ ಆ ಹಳೆಯ ಹಾಳೆಗಳಿಗೆ ಬೆಲೆ ಬಂತು. ವಯಸ್ಸಾಗುತ್ತ ಹೋದಂತೆ ಅವರ ಊದುವ ಶಕ್ತಿ ವರ್ಷಕ್ಕೆ ಸುಮಾರು 31 ಮಿಲಿಲೀಟರ್ ಕುಗ್ಗುವುದು ವಾಡಿಕೆ. ಆ ಒಂದು ವರ್ಷದಲ್ಲಿ ಸರಾಸರಿ 372 ಮಿಲಿಲೀಟರ್ ಕುಗ್ಗಿತ್ತು. ಹನ್ನೆರಡು ವರ್ಷದ ಮುಪ್ಪು ಹನ್ನೆರಡು ತಿಂಗಳಲ್ಲಿ ಬಂದಿತ್ತು. ಹೋದದ್ದು ಮುಂದಿನ ಆರು ವರ್ಷಗಳಲ್ಲೂ ಬಹುಪಾಲು ಹಾಗೆಯೇ ಉಳಿಯಿತು ಎಂದು 2010ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಇದನ್ನು ಇಷ್ಟು ಖಚಿತವಾಗಿ ಹೇಳಲು ಆದದ್ದು ಅಗ್ನಿಶಾಮಕ ದಳದವರ ವಿಷಯದಲ್ಲಿ ಮಾತ್ರ, ಏಕೆಂದರೆ ಅವಘಡಕ್ಕೆ ಮೊದಲಿನ ಅಳತೆ ಇದ್ದದ್ದು ಅವರದೊಂದೇ. ಅದೇ ಜಾಗದಲ್ಲಿ ಅದೇ ಧೂಳು ಕುಡಿದ ಪೊಲೀಸರು, ಕಬ್ಬಿಣ ಕತ್ತರಿಸುವವರು, ಲಾರಿ ಚಾಲಕರು, ಸುತ್ತಲಿನ ಕಚೇರಿಗಳ ಧೂಳು ಒರೆಸಿದ ವಲಸೆ ಕಾರ್ಮಿಕರು, ಎಲ್ಲಿಂದಲೋ ಓಡಿಬಂದ ಸ್ವಯಂಸೇವಕರು ತಮ್ಮ ಎದೆ ಮೊದಲು ಹೇಗಿತ್ತು ಎಂದು ಬಾಯಿಮಾತಿನಲ್ಲಿ ಹೇಳಬೇಕಾಯಿತು. ದೇಹ ತನ್ನ ಪುರಾವೆಯನ್ನು ನಿಧಾನಕ್ಕೆ, ಕೆಲವೊಮ್ಮೆ ಹತ್ತಿಪ್ಪತ್ತು ವರ್ಷ ಕಳೆದ ಮೇಲೆ ಕೊಡುತ್ತದೆ. ಕಚೇರಿಗಳು ಪುರಾವೆಯನ್ನು ಇವತ್ತೇ ಕೇಳುತ್ತವೆ. ರಕ್ಷಣಾ ಕಾರ್ಯಕರ್ತರ ನಂತರದ ಕಥೆಯೆಲ್ಲ ಈ ಎರಡು ಗಡಿಯಾರಗಳ ನಡುವಿನ ಎಳೆದಾಟ.

ಸುಣ್ಣದಂಥ ಧೂಳು

ವೀಳ್ಯದೆಲೆಗೆ ಸುಣ್ಣ ತುಸು ಹೆಚ್ಚಾದರೆ ನಾಲಿಗೆ ಸುಟ್ಟು ಒರಟಾಗುವುದು ನಮಗೆ ಗೊತ್ತು. ಗಾರೆ ಕೆಲಸದವರ ಅಂಗೈ ಬಿರಿಯುವುದೂ ಅದೇ ಕಾರಣಕ್ಕೆ: ಸುಣ್ಣ, ಸಿಮೆಂಟುಗಳ ಕ್ಷಾರಗುಣ. ಆ ದಿನ ಕೆಳ ಮ್ಯಾನ್‌ಹಟನ್ನಿನ ಮೇಲೆ ಹರಡಿದ ಧೂಳಿನ ಬಹುಪಾಲು ಪುಡಿಯಾದ ಕಾಂಕ್ರೀಟು, ಜಿಪ್ಸಮ್ ಹಲಗೆ ಮತ್ತು ಗಾಜಿನ ನಾರು. ನೀರಿಗೆ ಏಳು, ತೀಕ್ಷ್ಣ ಕ್ಷಾರಕ್ಕೆ ಹದಿನಾಲ್ಕು ಎಂದು ಹೋಗುವ ಪಿಎಚ್ ಅಳತೆಯಲ್ಲಿ ಈ ಧೂಳು 9ರಿಂದ 11ರ ಆಸುಪಾಸಿನಲ್ಲಿತ್ತು. ಗಂಟಲಿನ, ಮೂಗಿನ, ಶ್ವಾಸನಾಳದ ತೇವದ ಒಳಪದರದ ಮೇಲೆ ಅದು ಕೂತಾಗ ಆದದ್ದು ಬರಿಯ ಅಲರ್ಜಿಯಲ್ಲ, ಒಂದು ಬಗೆಯ ಸುಟ್ಟಗಾಯ.

ಅದರ ಜೊತೆಗೆ ಬೆರೆತದ್ದು ಬೇರೆ. ಗೋಪುರ ಕಟ್ಟುತ್ತಿದ್ದಾಗ ಉಕ್ಕಿನ ತೊಲೆಗಳಿಗೆ ಬೆಂಕಿ ತಗಲದಿರಲೆಂದು ಕಲ್ನಾರು ಬೆರೆಸಿದ ಲೇಪ ಹಾಕುತ್ತಿದ್ದರು. ನಗರ ಅದನ್ನು ನಿಷೇಧಿಸುವ ಹೊತ್ತಿಗೆ ಉತ್ತರ ಗೋಪುರದ ಕೆಳಗಿನ ಮಹಡಿಗಳಿಗೆ ಲೇಪ ಆಗಿಹೋಗಿತ್ತು. ಕಂಪ್ಯೂಟರುಗಳ ಸೀಸ, ವಿಮಾನದ ಇಂಧನ ಉರಿದ ಮಸಿ, ಪ್ಲಾಸ್ಟಿಕ್ ಬೆಂದಾಗ ಏಳುವ ಡಯಾಕ್ಸಿನ್. ಅವಶೇಷದ ಅಡಿಯಲ್ಲಿ ಬೆಂಕಿ ಸುಮಾರು ಮೂರು ತಿಂಗಳು, ಡಿಸೆಂಬರಿನವರೆಗೂ, ಹೊಗೆಯಾಡುತ್ತಲೇ ಇತ್ತು. ಹಾಗಾಗಿ ಮೊದಲ ದಿನದ ಬಿಳಿ ಧೂಳು ತೆಗೆದು ಮುಗಿದರೂ ವಿಷದ ಗಾಳಿ ಮುಗಿದಿರಲಿಲ್ಲ. ಕೆಲಸದವರು ‘ಪೈಲ್’, ಅಂದರೆ ರಾಶಿ, ಎಂದಷ್ಟೇ ಕರೆಯುತ್ತಿದ್ದ ಆ ಜಾಗದ ತೆರವು ಮುಗಿದದ್ದು 2002ರ ಮೇ 30ಕ್ಕೆ.

ಇಲ್ಲೊಂದು ಒಗಟು ಇತ್ತು. ಧೂಳಿನ ಕಣಗಳು ಹೆಚ್ಚಿನವು ದಪ್ಪ. ಅಂಥವನ್ನು ಮೂಗು ತಡೆಯುತ್ತದೆ, ಶ್ವಾಸಕೋಶದ ಆಳಕ್ಕೆ ಬಿಡುವುದಿಲ್ಲ ಎಂದು ವೈದ್ಯಶಾಸ್ತ್ರದ ಪಾಠ. ಆದರೆ ಭಾರ ಹೊತ್ತು ಏದುಸಿರು ಬಿಡುವವನು ಮೂಗಿನಿಂದ ಉಸಿರಾಡುವುದಿಲ್ಲ, ಬಾಯಿಂದ ಎಳೆದುಕೊಳ್ಳುತ್ತಾನೆ. ಆಗ ಮೂಗಿನ ಜರಡಿ ಇದ್ದೂ ಇಲ್ಲ. ಹತ್ತು ತಿಂಗಳ ನಂತರ ಅಗ್ನಿಶಾಮಕ ದಳದವರ ಕಫ ತೆಗೆದು ನೋಡಿದಾಗಲೂ ಅದರಲ್ಲಿ ಆ ಧೂಳಿನ ಕಣಗಳು ಸಿಕ್ಕವು.

ಮುಖಗವಸು ಇರಲಿಲ್ಲವೇ? ಬೆಂಕಿ ಆರಿಸುವವರು ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿಯ ಸಿಲಿಂಡರು ಅರ್ಧ ಗಂಟೆಯೊಳಗೆ ಬರಿದಾಗುತ್ತದೆ. ಅದು ಒಂದು ಮನೆಯ ಬೆಂಕಿಗೆಂದು ಮಾಡಿದ್ದು, ತಿಂಗಳುಗಟ್ಟಲೆ ಅಗೆತಕ್ಕಲ್ಲ. ಸರಿಯಾದ ಸೋಸುಕ ಇರುವ ರಬ್ಬರ್ ಮುಖಗವಸುಗಳು ತಡವಾಗಿ ಬಂದವು. ಬಂದ ಮೇಲೂ ಹಲವರು ಕೊರಳಿಗೆ ನೇತುಹಾಕಿಕೊಂಡೇ ದುಡಿದರು. ಅವರನ್ನು ದೂರುವುದು ಸುಲಭ. ಆದರೆ ಗವಸು ಹಾಕಿಕೊಂಡರೆ ಪಕ್ಕದವನ ಮಾತು ಕೇಳದು, ಬಿಸಿಲಿಗೆ ಮುಖ ಬೇಯುತ್ತದೆ. ಕಲ್ಲಿನಡಿ ಯಾರಾದರೂ ಕೂಗಿದರೇನೋ ಎಂದು ಕಿವಿಗೊಟ್ಟು ನಿಂತವನಿಗೆ ತನ್ನ ಉಸಿರಿನ ಸದ್ದೇ ಅಡ್ಡಿ. ಮೇಲಾಗಿ, ಗಾಳಿ ಸುರಕ್ಷಿತ ಎಂದು ಸರಕಾರವೇ ಹೇಳಿತ್ತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಮುಖ್ಯಸ್ಥೆ ಕ್ರಿಸ್ಟೀನ್ ಟಾಡ್ ವಿಟ್ಮನ್ ಸೆಪ್ಟೆಂಬರ್ 18ರಂದು ಹಾಗೆ ಹೇಳಿಕೆ ಕೊಟ್ಟರು. ಅಷ್ಟು ಸಾರಾಸಗಟಾಗಿ ಹೇಳಲು ಆಗ ಸಾಕಷ್ಟು ಮಾಹಿತಿ ಇರಲಿಲ್ಲ ಎಂದು ಅದೇ ಸಂಸ್ಥೆಯ ಒಳಗಿನ ತನಿಖಾಧಿಕಾರಿಯ ವರದಿ 2003ರಲ್ಲಿ ಬರೆಯಿತು. ವಿಟ್ಮನ್ ತಮ್ಮಿಂದ ತಪ್ಪಾಯಿತೆಂದು ಕ್ಷಮೆ ಕೇಳಿದ್ದು 2016ರಲ್ಲಿ.

ಕಾಯಿಲೆ ಬಂದ ಕ್ರಮ

ಮೊದಲು ಕೆಮ್ಮು. ರಜೆ ಹಾಕಿ ಕನಿಷ್ಠ ನಾಲ್ಕು ವಾರ ಮಲಗಬೇಕಾಗುವಷ್ಟು ಬಲವಾದ ಕೆಮ್ಮು 332 ಅಗ್ನಿಶಾಮಕರಿಗೆ ಆರು ತಿಂಗಳೊಳಗೆ ಬಂತು. ದಳದ ವೈದ್ಯ ಡೇವಿಡ್ ಪ್ರೆಝಂಟ್ ಮತ್ತು ಸಂಗಡಿಗರು 2002ರಲ್ಲಿ ಅದಕ್ಕೆ ‘ವರ್ಲ್ಡ್ ಟ್ರೇಡ್ ಸೆಂಟರ್ ಕೆಮ್ಮು’ ಎಂದೇ ಹೆಸರಿಟ್ಟರು. ಈ ಕೆಮ್ಮಿಗೆ ಜೊತೆಗಾರರು ಇಬ್ಬರು: ಸದಾ ಕಟ್ಟಿದ ಮೂಗು, ಆರದ ಎದೆಯುರಿ. ನುಂಗಿದ ಧೂಳು ಅನ್ನನಾಳವನ್ನು ಕೆಡಿಸುತ್ತದೆ. ಹೊಟ್ಟೆಯ ಹುಳಿ ರಾತ್ರಿ ಮಲಗಿದಾಗ ಗಂಟಲಿಗೆ ಬಂದು ಕೆಮ್ಮನ್ನು ಎಬ್ಬಿಸುತ್ತದೆ. ಮೂಗಿನ ಹಿಂದಿನಿಂದ ಇಳಿಯುವ ಸಿಂಬಳ ಅದನ್ನೇ ಇನ್ನಷ್ಟು ಕೆದಕುತ್ತದೆ. ಕೆಮ್ಮಿಗೆ ಸಿರಪ್ಪು ಕೊಟ್ಟು ಕಳಿಸಿದ ವೈದ್ಯರು ಸೋತರು. ಮೂಗು, ಎದೆ, ಹೊಟ್ಟೆ ಮೂರಕ್ಕೂ ಒಟ್ಟಿಗೆ ಮದ್ದು ಮಾಡಿದವರ ಕೈಯಲ್ಲಿ ರೋಗಿಗಳು ಸುಧಾರಿಸಿದರು. ಇವತ್ತಿಗೂ ಆ ಕ್ಲಿನಿಕ್ಕುಗಳಲ್ಲಿ ಈ ಮೂರನ್ನು ಒಂದೇ ಕಾಯಿಲೆಯಂತೆ ನೋಡುವುದು ಅದಕ್ಕೇ.

ಬೆಳಿಗ್ಗೆಯೇ, ಧೂಳಿನ ಮೋಡ ನೆಲಕ್ಕಿಳಿಯುವ ಮೊದಲೇ ಬಂದು ಮುಟ್ಟಿದವರಿಗೆ ಹೆಚ್ಚು ಪೆಟ್ಟು, ಮರುದಿನ ಬಂದವರಿಗೆ ಕಡಿಮೆ, ಆಮೇಲೆ ಬಂದವರಿಗೆ ಇನ್ನೂ ಕಡಿಮೆ. ಧೂಳಿಗೂ ಕಾಯಿಲೆಗೂ ನಂಟು ಉಂಟೆಂದು ವಿಜ್ಞಾನಿಗಳು ನಂಬಿದ್ದಕ್ಕೆ ಈ ಮೆಟ್ಟಿಲಿನಂಥ ಲೆಕ್ಕವೇ ಮುಖ್ಯ ಕಾರಣ.

ಕುತೂಹಲದ ಒಂದು ಮಾತು. ಅಲ್ಲಿ ದುಡಿದ ನಾಯಿಗಳಿಗೆ ಮುಖಗವಸು ಇರಲೇ ಇಲ್ಲ. ನೆಲಕ್ಕೆ ಮೂಗಿಟ್ಟೇ ಅವು ಕೆಲಸ ಮಾಡಿದವು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು ಅವನ್ನು ಸಾಯುವವರೆಗೂ ಗಮನಿಸುತ್ತ ಬಂದರು. ಮನುಷ್ಯರಂತೆ ಅವಕ್ಕೆ ಎದೆರೋಗ ಕಾಡಲಿಲ್ಲ, ಆಯಸ್ಸೂ ತಗ್ಗಲಿಲ್ಲ. ಕೊನೆಗೆ ಉಳಿದ ಬ್ರೆಟೇನ್ ಎಂಬ ನಾಯಿ 2016ರಲ್ಲಿ, ಹದಿನೇಳು ತುಂಬುವ ಹೊತ್ತಿಗೆ ಸತ್ತಿತು. ನಾಯಿಯ ಉದ್ದ ಮೂಗು ಒಳ್ಳೆಯ ಜರಡಿಯಾಯಿತೇನೋ.

ಮನಸ್ಸಿನ ಗಾಯದ ಲೆಕ್ಕ ಬೇರೆ ರೀತಿ. ನಗರದ ಆರೋಗ್ಯ ಇಲಾಖೆ 71,000ಕ್ಕೂ ಹೆಚ್ಚು ಜನರ ನೋಂದಣಿ ಪುಸ್ತಕವೊಂದನ್ನು 2003ರಲ್ಲಿ ತೆರೆಯಿತು. ಅದರಲ್ಲಿದ್ದ ರಕ್ಷಣಾ ಕಾರ್ಯಕರ್ತರನ್ನು ಕೇಳಿ ನೋಡಿದಾಗ, ಆಘಾತದ ನಂತರ ಬರುವ ಮನೋವ್ಯಾಧಿಯ ಲಕ್ಷಣಗಳು ಪೊಲೀಸರಲ್ಲಿ ಶೇ 6ರಷ್ಟು ಜನರಿಗಿದ್ದರೆ, ಯಾವ ಸಂಸ್ಥೆಗೂ ಸೇರದೆ ತಾವಾಗಿ ಬಂದ ಸ್ವಯಂಸೇವಕರಲ್ಲಿ ಶೇ 21ರಷ್ಟು ಜನರಿಗಿದ್ದವು. ನಿದ್ದೆಯಲ್ಲಿ ಬೆಚ್ಚುವುದು, ವಿಮಾನದ ಸದ್ದಿಗೆ ಮೈ ಬೆವರುವುದು, ಆ ರಸ್ತೆಯನ್ನೇ ತಪ್ಪಿಸಿ ಸುತ್ತುಬಳಸಿ ಹೋಗುವುದು. ಹೆಣ ಎತ್ತುವ ಕೆಲಸಕ್ಕೆ ತರಬೇತಿ ಇಲ್ಲದೆ ಇಳಿದವರಿಗೆ ಹೆಚ್ಚು ಘಾಸಿ. ಪೊಲೀಸರ ಅಂಕಿಯನ್ನು ಮಾತ್ರ ನಾನು ಪೂರ್ತಿ ನಂಬಲಾರೆ. ಬಂದೂಕು ಕಿತ್ತುಕೊಂಡು ಮೇಜಿನ ಕೆಲಸಕ್ಕೆ ಕೂರಿಸುತ್ತಾರೆಂಬ ಭಯ ಇರುವವನು ಪ್ರಶ್ನಾವಳಿಯಲ್ಲಿ ನಿದ್ದೆ ಚೆನ್ನಾಗಿದೆ ಎಂದೇ ಬರೆಯುತ್ತಾನೆ.

ಕ್ಯಾನ್ಸರಿನ ಲೆಕ್ಕ ಎಲ್ಲಕ್ಕಿಂತ ತೊಡಕಿನದು. ಅಗ್ನಿಶಾಮಕರಲ್ಲಿ ಮೊದಲ ಏಳು ವರ್ಷ ನೋಡಿದಾಗ, ಅಲ್ಲಿಗೆ ಹೋದವರಿಗೆ ಹೋಗದವರಿಗಿಂತ ಶೇ 19ರಷ್ಟು ಹೆಚ್ಚು ಕ್ಯಾನ್ಸರ್ ಕಂಡಿತು. ಪ್ರಾಸ್ಟೇಟ್ ಗ್ರಂಥಿಯ, ಥೈರಾಯ್ಡಿನ, ಚರ್ಮದ ಕ್ಯಾನ್ಸರುಗಳು ಮುಂದಿನ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿವೆ. ವರ್ಷವರ್ಷವೂ ಸ್ಕ್ಯಾನು, ರಕ್ತಪರೀಕ್ಷೆ ಮಾಡಿಸುವವರಲ್ಲಿ ಸಣ್ಣ ಗಂಟೂ ಬೇಗ ಸಿಗುತ್ತದೆ. ಹಾಗಾಗಿ ಹೆಚ್ಚಳದ ಒಂದು ಪಾಲು ಹುಡುಕಾಟದ ಫಲ ಎಂಬ ಎಚ್ಚರವೂ ಸಂಶೋಧಕರಿಗಿದೆ. ಬೇಗ ಸಿಕ್ಕಿದ್ದರಿಂದ ರೋಗಿಗೆ ನಷ್ಟವೇನಿಲ್ಲ ಎನ್ನುವುದು ಬೇರೆ ಮಾತು. ಕಲ್ನಾರಿನಿಂದ ಬರುವ ಎದೆಪೊರೆಯ ಕ್ಯಾನ್ಸರ್ ಮೂವತ್ತು ನಲವತ್ತು ವರ್ಷ ಸದ್ದಿಲ್ಲದೆ ಕಾಯಬಲ್ಲದು. ಆ ಲೆಕ್ಕ ಇನ್ನೂ ಪೂರ್ತಿ ಬಂದಿಲ್ಲ.

2023ರ ಸೆಪ್ಟೆಂಬರಿನಲ್ಲಿ ಅಗ್ನಿಶಾಮಕ ದಳದಲ್ಲಿ ಆನಂತರದ ಕಾಯಿಲೆಗಳಿಂದ ಸತ್ತವರ ಸಂಖ್ಯೆ 343 ಮುಟ್ಟಿತು. ಅಂದು ಒಂದೇ ಬೆಳಿಗ್ಗೆ ಸತ್ತವರಷ್ಟೇ. ಈಗ ಅದನ್ನೂ ದಾಟಿದೆ.

ಪುರಾವೆಯ ಜಗ್ಗಾಟ

ಒಬ್ಬ ಮನುಷ್ಯನ ಕ್ಯಾನ್ಸರನ್ನು ತೋರಿಸಿ ಇದು ಇಂಥ ದಿನದ ಧೂಳಿನಿಂದಲೇ ಬಂದದ್ದು ಎಂದು ಯಾವ ವೈದ್ಯನೂ ಪ್ರಮಾಣ ಮಾಡಿ ಹೇಳಲಾರ. ಹತ್ತು ಸಾವಿರ ಜನರನ್ನು ಒಟ್ಟಿಗೆ ನೋಡಿದರೆ ಹೆಚ್ಚಳ ಕಾಣುತ್ತದೆ, ಒಬ್ಬನನ್ನೇ ನೋಡಿದರೆ ಕಾಣದು. ಜೇಮ್ಸ್ ಝಡ್ರೋಗಾ ಎಂಬ ಪೊಲೀಸ್ ಪತ್ತೇದಾರ ರಾಶಿಯ ಮೇಲೆ 450 ಗಂಟೆಗೂ ಹೆಚ್ಚು ದುಡಿದು 2006ರ ಜನವರಿಯಲ್ಲಿ, 34ರ ವಯಸ್ಸಿಗೆ ತೀರಿಹೋದರು. ಶವಪರೀಕ್ಷೆ ಮಾಡಿದ ನ್ಯೂಜೆರ್ಸಿಯ ವೈದ್ಯರು ಧೂಳೇ ಕಾರಣ ಎಂದರು. ಮರುವರ್ಷ ನ್ಯೂಯಾರ್ಕ್ ನಗರದ ಮುಖ್ಯ ವೈದ್ಯಕೀಯ ಪರೀಕ್ಷಕರು ಅದನ್ನು ಒಪ್ಪಲಿಲ್ಲ, ಮಾತ್ರೆ ಪುಡಿಮಾಡಿ ಚುಚ್ಚಿಕೊಂಡದ್ದೇ ಕಾರಣ ಎಂದರು. ಅದೇ ಶ್ವಾಸಕೋಶ, ಎರಡು ತೀರ್ಪು. ಕೊನೆಗೆ ಬಂದ ಕಾನೂನು ಅವರ ಹೆಸರನ್ನೇ ಹೊತ್ತಿದೆ: 2011ರ ಜನವರಿ 2ರಂದು ಬರಾಕ್ ಒಬಾಮ ಸಹಿ ಹಾಕಿದ ಝಡ್ರೋಗಾ ಕಾಯ್ದೆ.

ಆ ಕಾಯ್ದೆ ಮಾಡಿದ ಜಾಣತನ ಇಷ್ಟೆ. ಒಬ್ಬೊಬ್ಬರೂ ತಮ್ಮ ಕಾಯಿಲೆಗೆ ಕಾರಣ ಸಾಬೀತು ಮಾಡಬೇಕೆನ್ನುವುದರ ಬದಲು, ಕಾಯಿಲೆಗಳ ಒಂದು ಪಟ್ಟಿ ಮಾಡಿತು. ನೀವು ಅಲ್ಲಿದ್ದಿರಿ ಎಂದು ತೋರಿಸಿ, ಪಟ್ಟಿಯಲ್ಲಿರುವ ಕಾಯಿಲೆ ನಿಮಗಿದೆ ಎಂದು ವೈದ್ಯರು ಹೇಳಲಿ, ಧೂಳಿಗೆ ಅದರಲ್ಲಿ ಗಣನೀಯ ಪಾಲು ಇರುವ ಸಂಭವ ಹೆಚ್ಚಿದ್ದರೆ ಸಾಕು. ಸಿಗರೇಟು ಸೇದುತ್ತಿದ್ದರೆಂಬ ಒಂದೇ ಕಾರಣಕ್ಕೆ ಬಾಗಿಲು ಮುಚ್ಚುವುದಿಲ್ಲ. ಮೊದಲ ಪಟ್ಟಿಯಲ್ಲಿ ಕ್ಯಾನ್ಸರ್ ಇರಲಿಲ್ಲ. 2012ರಲ್ಲಿ ಸುಮಾರು 50 ಬಗೆಯ ಕ್ಯಾನ್ಸರುಗಳು ಸೇರಿದವು. ಗರ್ಭಕೋಶದ ಕ್ಯಾನ್ಸರ್ ಸೇರಿದ್ದು 2023ರಲ್ಲಿ, ಅಷ್ಟು ತಡವಾಗಿ. ಅಧ್ಯಯನಕ್ಕೆ ಸಿಕ್ಕ ಅಗ್ನಿಶಾಮಕರು ಹೆಚ್ಚುಕಡಿಮೆ ಎಲ್ಲರೂ ಗಂಡಸರು. ಲೆಕ್ಕದಲ್ಲಿ ಹೆಂಗಸರೇ ಇಲ್ಲದಿದ್ದರೆ ಹೆಂಗಸರ ಕಾಯಿಲೆಗೆ ಪುರಾವೆ ಎಲ್ಲಿಂದ ಬರಬೇಕು?

ಹಣದ ಗಡುವಿನ ಕಥೆಯನ್ನೂ ಹೇಳಬೇಕು. ಕಾಯಿಲೆ ಬಿದ್ದವರಿಗೆ ಹಣ ಕೊಡುವ ಪರಿಹಾರ ನಿಧಿಯೊಂದಿದೆ; ಅದಕ್ಕೆ ಅಮೆರಿಕದ ಸಂಸತ್ತು ಐದೈದು ವರ್ಷಕ್ಕೆಂದು ಹಣ ಕೊಡುತ್ತಿತ್ತು. 2019ರ ಫೆಬ್ರವರಿಯಲ್ಲಿ ಹಣ ಸಾಲದೆ, ಬಾಕಿ ಅರ್ಜಿಗಳಿಗೆ ಶೇ 50, ಹೊಸ ಅರ್ಜಿಗಳಿಗೆ ಶೇ 70 ಕಡಿತ ಎಂದು ನಿಧಿ ಪ್ರಕಟಿಸಿತು. ಮೊದಲು ಕಾಯಿಲೆ ಬಿದ್ದವನಿಗೆ ಪೂರ್ತಿ ಹಣ, ತಡವಾಗಿ ಬಿದ್ದವನಿಗೆ ಮೂರನೇ ಒಂದಕ್ಕಿಂತ ಕಡಿಮೆ! ಆ ಜೂನ್ 11ರಂದು ನಿವೃತ್ತ ಪೊಲೀಸ್ ಲೂಯಿಸ್ ಆಲ್ವರೆಝ್, ಮರುದಿನ ತಮ್ಮ 69ನೇ ಕೀಮೋ ಇಟ್ಟುಕೊಂಡು, ವಾಷಿಂಗ್ಟನ್ನಿಗೆ ಬಂದು ಸಂಸತ್ ಸಮಿತಿಯ ಮುಂದೆ ಕುಳಿತರು. ಪಕ್ಕದಲ್ಲಿ ಹಾಸ್ಯಗಾರ ಜಾನ್ ಸ್ಟೂಅರ್ಟ್. ಜೂನ್ 29ರಂದು ಆಲ್ವರೆಝ್ ಸತ್ತರು. ಜುಲೈ 23ರಂದು ಸೆನೆಟ್ 97–2 ಮತಗಳಿಂದ ನಿಧಿಯನ್ನು ಮುಂದುವರಿಸುವ ಮಸೂದೆ ಒಪ್ಪಿತು. ಈಗ ಚಿಕಿತ್ಸಾ ಕಾರ್ಯಕ್ರಮ 2090ರವರೆಗೆ, ಪರಿಹಾರ ನಿಧಿಯ ಅರ್ಜಿಯೂ 2090ರ ಅಕ್ಟೋಬರಿನವರೆಗೆ. ಅಂದು ತಾಯಿಯ ಹೊಟ್ಟೆಯಲ್ಲಿದ್ದ ಮಗುವಿಗೆ ಆಗ 89 ವರ್ಷ ನಡೆಯುತ್ತಿರುತ್ತದೆ.

ಒಳಗೆ ಸೇರುವ ದಾರಿ

ಎರಡು ಕಚೇರಿಗಳಿವೆ, ಜನ ಎರಡನ್ನೂ ಒಂದೇ ಎಂದುಕೊಂಡು ಮೋಸ ಹೋಗುತ್ತಾರೆ. ಚಿಕಿತ್ಸೆ ಕೊಡುವುದು ವರ್ಲ್ಡ್ ಟ್ರೇಡ್ ಸೆಂಟರ್ ಆರೋಗ್ಯ ಕಾರ್ಯಕ್ರಮ. ಹಣ ಕೊಡುವುದು ನ್ಯಾಯ ಇಲಾಖೆಯ ಸಂತ್ರಸ್ತರ ಪರಿಹಾರ ನಿಧಿ. ಮೊದಲನೆಯದಕ್ಕೆ ಸೇರಿದರೆ ಎರಡನೆಯದಕ್ಕೆ ತಾನಾಗಿ ಸೇರಿದಂತಲ್ಲ. ಕಾಯಿಲೆಗೆ ಆರೋಗ್ಯ ಕಾರ್ಯಕ್ರಮದ ಪ್ರಮಾಣಪತ್ರ ಬಂದ ದಿನದಿಂದ ಎರಡು ವರ್ಷದೊಳಗೆ ನಿಧಿಯಲ್ಲಿ ಹೆಸರು ನೋಂದಾಯಿಸಬೇಕು. ಎರಡರ ನಕ್ಷೆಯೂ ಬೇರೆ: ನಿಧಿ ಮ್ಯಾನ್‌ಹಟನ್ನಿನ ಕೆನಾಲ್ ಸ್ಟ್ರೀಟಿನ ದಕ್ಷಿಣಕ್ಕಿದ್ದವರನ್ನು ಮುಖ್ಯವಾಗಿ ನೋಡಿದರೆ, ಆರೋಗ್ಯ ಕಾರ್ಯಕ್ರಮ ಸುತ್ತಲಿನ ನಿವಾಸಿಗಳ ಮಟ್ಟಿಗೆ ಹ್ಯೂಸ್ಟನ್ ಸ್ಟ್ರೀಟಿನವರೆಗೂ, ನದಿಯಾಚೆ ಬ್ರೂಕ್ಲಿನ್ನಿನ ಒಂದು ಭಾಗದವರೆಗೂ ಹೋಗುತ್ತದೆ. ಮನಸ್ಸಿನ ಕಾಯಿಲೆಗೆ ಕಾರ್ಯಕ್ರಮದಲ್ಲಿ ಚಿಕಿತ್ಸೆ ಉಂಟು, ನಿಧಿಯಲ್ಲಿ ಪರಿಹಾರ ಇಲ್ಲ. ರಾತ್ರಿ ನಿದ್ದೆ ಕಳೆದುಕೊಂಡವನಿಗೆ ಈ ವ್ಯತ್ಯಾಸ ಬಿಡಿಸಿ ಹೇಳುವುದು ಕಷ್ಟ.

ರಕ್ಷಣಾ ಕಾರ್ಯಕರ್ತರಿಗೆ ಗಂಟೆಗಳ ಲೆಕ್ಕವಿದೆ. ಕೆನಾಲ್ ಸ್ಟ್ರೀಟಿನ ದಕ್ಷಿಣದಲ್ಲಿ ಮೊದಲ ನಾಲ್ಕು ದಿನಗಳಲ್ಲಿ ನಾಲ್ಕು ಗಂಟೆ, ಇಲ್ಲವೇ ಆ ಸೆಪ್ಟೆಂಬರಿನಲ್ಲಿ 24 ಗಂಟೆ, ಇಲ್ಲವೇ 2002ರ ಜುಲೈವರೆಗೆ 80 ಗಂಟೆ ದುಡಿದಿರಬೇಕು. ಅವರಿಗೆ ಕಾಯಿಲೆ ಇರಲೇಬೇಕೆಂದಿಲ್ಲ, ವರ್ಷಕ್ಕೊಮ್ಮೆ ತಪಾಸಣೆ ಉಚಿತ. ನಿವಾಸಿಗಳು, ವಿದ್ಯಾರ್ಥಿಗಳು, ಕಚೇರಿ ನೌಕರರು ಮೊದಲು ಲಕ್ಷಣ ತೋರಿಸಬೇಕು. ವೈದ್ಯರು ಬರೆದು ಕಳಿಸಿದ್ದನ್ನು ಕೇಂದ್ರ ಕಚೇರಿ ಪರಿಶೀಲಿಸಿ ಪ್ರಮಾಣಪತ್ರ ಕೊಡುತ್ತದೆ. ಆಮೇಲೆ ಆ ಕಾಯಿಲೆಗೆ ಔಷಧಿ, ಶಸ್ತ್ರಚಿಕಿತ್ಸೆ ಯಾವುದಕ್ಕೂ ರೋಗಿ ಕೈಯಿಂದ ಕೊಡಬೇಕಾಗಿಲ್ಲ. ಕ್ಯಾನ್ಸರಿಗೆ ಕನಿಷ್ಠ ಅವಧಿಯ ನಿಯಮವೂ ಇದೆ: ಹೆಚ್ಚಿನ ಗಡ್ಡೆಗಳಿಗೆ ನಾಲ್ಕು ವರ್ಷ, ಎದೆಪೊರೆಯದಕ್ಕೆ 11 ವರ್ಷ, ರಕ್ತದ ಕ್ಯಾನ್ಸರಿಗೆ ಐದು ತಿಂಗಳಷ್ಟೂ ಇಲ್ಲ. ಅದಕ್ಕಿಂತ ಮೊದಲೇ ಬಂದಿದ್ದರೆ ಧೂಳಿನದ್ದೆಂದು ಒಪ್ಪುವುದಿಲ್ಲ. ಇವತ್ತು ಹೊಸದಾಗಿ ಅರ್ಜಿ ಹಾಕುವವರಿಗೆ ಈ ನಿಯಮ ಅಡ್ಡಿಯಾಗುವುದು ಅಪರೂಪ. ಅಡ್ಡಿಯಾಗುವುದು ಕೆಮ್ಮು, ಎದೆಯುರಿಯಂಥವು: ಅವು ಧೂಳು ಸೇವಿಸಿದ ಕೆಲವೇ ವರ್ಷಗಳೊಳಗೆ ಶುರುವಾದವು ಎನ್ನುವುದಕ್ಕೆ ಹಳೆಯ ವೈದ್ಯರ ಚೀಟಿ ಬೇಕು, ಆ ಚೀಟಿ ಯಾರೂ ಇಟ್ಟುಕೊಂಡಿರುವುದಿಲ್ಲ.

ಇಷ್ಟನ್ನು ಕನ್ನಡದಲ್ಲಿ ವಿವರಿಸುವುದಕ್ಕೆ ಒಂದು ಸಣ್ಣ ಕಾರಣವಿದೆ. ಆ ವರ್ಷಗಳಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆಂದು ಹೋಗಿ ನ್ಯೂಜೆರ್ಸಿಯಲ್ಲಿ ಮನೆ ಮಾಡಿ, ವಾಲ್ ಸ್ಟ್ರೀಟಿನ ಬ್ಯಾಂಕುಗಳಲ್ಲಿ ದುಡಿದ ಕನ್ನಡಿಗರು ಇದ್ದರು. ವಾರದೊಳಗೆ ಷೇರುಪೇಟೆ ತೆರೆದಾಗ ಅವರೂ ಆ ಹೊಗೆಯ ವಾಸನೆಯಲ್ಲೇ ಕಚೇರಿಗೆ ಮರಳಿದವರು. ಬೆಂಕಿ ಆರಿಸಿದವರು ತಾವಲ್ಲ, ತಮಗೇಕೆ ಎಂದು ಅಂಥವರು ಅರ್ಜಿಯತ್ತ ನೋಡುವುದೇ ಇಲ್ಲ. ಆದರೆ ಕಾರ್ಯಕ್ರಮ ಪೌರತ್ವ ಕೇಳುವುದಿಲ್ಲ, ಅಂದಿನ ವೀಸಾ ಯಾವುದೆಂದೂ ಕೇಳುವುದಿಲ್ಲ. ಈಗಾಗಲೇ 1,30,000ಕ್ಕೂ ಹೆಚ್ಚು ಜನ ಸೇರಿದ್ದಾರೆ, ಅವರಲ್ಲಿ ಮೇಜಿನ ಮುಂದೆ ಕೂತು ಕೆಲಸ ಮಾಡಿದವರೂ ಇದ್ದಾರೆ. ಬೇಕಾದದ್ದು ಆ ಅವಧಿಯ ಸಂಬಳದ ಚೀಟಿ, ಬಾಡಿಗೆ ಕರಾರು, ಕಂಪನಿಯ ಪತ್ರ, ಕಾಲೇಜಿನ ದಾಖಲೆ, ಇಂಥದ್ದು ಏನಾದರೂ ಒಂದು. ಎಷ್ಟೋ ಕಂಪನಿಗಳು ಮುಚ್ಚಿವೆ, ಇನ್ನೆಷ್ಟೋ ಬೇರೆಯವುಗಳಲ್ಲಿ ಸೇರಿಹೋಗಿವೆ. ಆಗ ಉಳಿಯುವುದು ಜೊತೆಗಿದ್ದವರ ಅಫಿಡವಿಟ್: ಇಂಥ ದಿನಗಳಲ್ಲಿ ಇವರು ನನ್ನ ಪಕ್ಕದ ಮೇಜಿನಲ್ಲಿ ಕೂತಿದ್ದರು ಎಂದು ಪ್ರಮಾಣ ಮಾಡಿ ಬರೆದುಕೊಡುವ ಒಂದು ಹಾಳೆ. ಅದನ್ನು ಬರೆದುಕೊಡಬಲ್ಲವರು ಈಗ ನಿವೃತ್ತರಾಗಿದ್ದಾರೆ, ಊರು ಬದಲಿಸಿದ್ದಾರೆ, ಕೆಲವರ ಫೋನ್ ನಂಬರು ಮಾತ್ರ ಹಳೆಯ ಡೈರಿಯಲ್ಲಿದೆ.